ಬಾದಾಮಿ ಕೋಟೆಗೆ ಬಂದ ಮನ್ರೋ ಯಾವ ಮನೆತನದವನು?

ಪ್ರಶ್ನೆ: 1818ರಲ್ಲಿ ಬಾದಾಮಿ ಕೋಟೆಯನ್ನೂ ಅನಂತರ ಬೆಳಗಾವಿ ಕೋಟೆಯನ್ನೂ ಪೇಶ್ವೆಯ ಕಡೆಯವರಿಂದ ಗೆದ್ದುಕೊಂಡ ಥಾಮಸ್ ಮನ್ರೋನ ಅಡ್ಡಹೆಸರೂ ಅದೇ ವರ್ಷ ಅಮೆರಿಕದ ಅಧ್ಯಕ್ಷನಾಗಿದ್ದ ಜೇಮ್ಸ್ ಮನ್ರೋನ ಅಡ್ಡಹೆಸರೂ ಒಂದೇ. ಇವರಿಬ್ಬರೂ ಒಂದೇ ಮನೆತನದವರೇ? ಈ ಹೆಸರು ಮೂಲತಃ ಎಲ್ಲಿಯದು?
– ಓದುಗರೊಬ್ಬರು, ಬಾದಾಮಿ

ಉತ್ತರ: ಇಬ್ಬರ ಹೆಸರಿನ ಬೇರೂ ಒಂದೇ ಸೀಮೆಯಲ್ಲಿದೆ, ಆದರೆ ಅಷ್ಟರಿಂದಲೇ ಇಬ್ಬರನ್ನೂ ಒಂದೇ ಮನೆತನದವರೆಂದು ಹೇಳಲು ಬರುವುದಿಲ್ಲ.

ಆ ಸೀಮೆ ಇರುವುದು ಸ್ಕಾಟ್ಲೆಂಡಿನ ಉತ್ತರಕ್ಕೆ, ರಾಸ್ ಪ್ರಾಂತದಲ್ಲಿ. ಕ್ರೊಮಾರ್ಟಿ ಎಂಬ ಕಡಲ ಚಾಚಿನ ಉತ್ತರ ದಂಡೆಗುಂಟ ಫಲವತ್ತಾದ ಹೊಲಗಳ ಒಂದು ಪಟ್ಟಿಯಿದ್ದು, ಅದಕ್ಕೆ ‘ಡೊನಾಲ್ಡನ ನೆಲ’ ಎಂಬರ್ಥದ ಗೇಲಿಕ್ ಹೆಸರಿದೆ. ಮನ್ರೋ ಕುಲನಾಯಕರ ಮನೆಯಾದ ಫೌಲಿಸ್ ಇರುವುದು ಇಲ್ಲಿಯೇ. ಐರ್ಲೆಂಡಿನ ಉತ್ತರ ಭಾಗದ ರೋ ನದಿಯ ದಂಡೆಯಿಂದ ಬಂದ ಡೊನಾಲ್ಡ್ ಎಂಬವನಿಗೆ, ಯುದ್ಧದಲ್ಲಿ ನೆರವಾದುದಕ್ಕಾಗಿ, ಅರಸನು 11ನೇ ಶತಮಾನದಲ್ಲಿ ಈ ನೆಲವನ್ನು ಕೊಟ್ಟನೆಂದೂ, ಆ ನದಿಯ ಹೆಸರೇ ಕುಲದ ಹೆಸರಾಯಿತೆಂದೂ ಪರಂಪರೆಯ ಮಾತಿದೆ. ಇದು ಬಾಯಿಂದ ಬಾಯಿಗೆ ಬಂದ ಕಥೆಯೇ ಹೊರತು ದಾಖಲೆಯಲ್ಲ. ಕಾಗದಪತ್ರಗಳ ಆಧಾರದಿಂದ ಖಚಿತವಾಗಿ ಹೇಳಬಹುದಾದ ಮೊದಲ ನಾಯಕನೆಂದರೆ 1369ರಲ್ಲಿ ತೀರಿಹೋದ ರಾಬರ್ಟ್ ಮನ್ರೋ.

ಫೌಲಿಸಿನ ಹಿಂದೆ ಬೆನ್ ವೈವಿಸ್ ಎಂಬ, 1,046 ಮೀಟರ್ ಎತ್ತರದ ಬೆಟ್ಟವಿದೆ. ಅರಸನು ಕೇಳಿದಾಗ, ನಡುಬೇಸಿಗೆಯಲ್ಲಾದರೂ ಸರಿ, ಈ ಬೆಟ್ಟದಿಂದ ಒಂದು ಹಿಮದ ಉಂಡೆಯನ್ನು ತಂದೊಪ್ಪಿಸಬೇಕೆಂಬ ಷರತ್ತಿನ ಮೇಲೆ ಮನ್ರೋಗಳು ತಮ್ಮ ಜಮೀನನ್ನು ಅನುಭವಿಸುತ್ತಿದ್ದರೆಂದು ಹೇಳಲಾಗುತ್ತದೆ. ಕಂದಾಯದ ಬದಲು ಹಿಮ ಕೊಡುವುದು ವಿಚಿತ್ರವಾಗಿ ಕಂಡರೂ, ಬೆಟ್ಟದ ಉತ್ತರದ ಕೊರಕಲುಗಳಲ್ಲಿ ಬಿಸಿಲು ಬೀಳದ ಕಡೆ ಹಿಮವು ಬಹಳ ಕಾಲ ಕರಗದೆ ಉಳಿಯುತ್ತಿದ್ದುದರಿಂದ ಅದು ನಡೆಸಲಾಗದ ಷರತ್ತೇನೂ ಆಗಿರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕು. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಕುಲದ ಹೆಸರನ್ನು ನಾಯಕನ ರಕ್ತಸಂಬಂಧಿಗಳಷ್ಟೇ ಇಟ್ಟುಕೊಳ್ಳುತ್ತಿರಲಿಲ್ಲ. ಅವನ ಜಮೀನಿನಲ್ಲಿ ಗೇಣಿ ಮಾಡುತ್ತಿದ್ದವರೂ, ಅವನ ಆಶ್ರಯಕ್ಕೆ ಬಂದು ಅವನ ಪರವಾಗಿ ಆಯುಧ ಹಿಡಿಯುತ್ತಿದ್ದವರೂ ಕಾಲಕ್ರಮದಲ್ಲಿ ಅದೇ ಹೆಸರಿನಿಂದ ಕರೆಯಿಸಿಕೊಂಡರು. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಬಾಗೇವಾಡಿ ಎಂಬ ಅಡ್ಡಹೆಸರಿನವರೆಲ್ಲ ಅಣ್ಣತಮ್ಮಂದಿರ ಮಕ್ಕಳಲ್ಲ, ಬೇರೆ ಬೇರೆ ಜಾತಿ ಮತದವರೂ ಆ ಹೆಸರಿನವರಿದ್ದಾರೆ ಎಂಬುದನ್ನು ಬಲ್ಲ ನಮ್ಮ ಓದುಗರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆದ್ದರಿಂದ ಮನ್ರೋ ಎಂಬ ಹೆಸರು ಒಂದು ನೆಲದ ಗುರುತೆಂಬುದು ನಿಜ. ಒಂದು ವಂಶದ ಗುರುತೆನ್ನಲು ಬೇರೆ ಪುರಾವೆ ಬೇಕು.

ಇನ್ನು ನೀವು ಕೇಳಿದ ಇಬ್ಬರ ವಿಷಯ. ಜೇಮ್ಸ್ ಮನ್ರೋ 1758ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದನು. ಅವನ ಪೂರ್ವಜನಾದ ಆಂಡ್ರೂ 17ನೇ ಶತಮಾನದ ಮಧ್ಯಭಾಗದಲ್ಲಿ ಸ್ಕಾಟ್ಲೆಂಡಿನಿಂದ ಅಲ್ಲಿಗೆ ಹೋಗಿ ನೆಲೆಸಿದವನು. ಥಾಮಸ್ ಮನ್ರೋ 1761ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ವ್ಯಾಪಾರಿಯ ಮಗ. ತಂದೆ ಅಲೆಕ್ಸಾಂಡರನ ವ್ಯಾಪಾರವೆಲ್ಲ ಅದೇ ವರ್ಜೀನಿಯಾದ ಹೊಗೆಸೊಪ್ಪಿನದು. ಅಮೆರಿಕದ ಸ್ವಾತಂತ್ರ್ಯಯುದ್ಧದಿಂದ ಆ ವ್ಯಾಪಾರ ಮುಳುಗಿತು, ಮನೆ ಬಡವಾಯಿತು, ಮಗನು ಕಂಪನಿಯ ಪಡೆಗೆ ಸೇರಿ 1780ರಲ್ಲಿ ಮದ್ರಾಸಿಗೆ ಬಂದನು. ಜೇಮ್ಸ್ ಯಾವ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಗಾಯಗೊಂಡನೋ ಅದೇ ಯುದ್ಧವು ಥಾಮಸನನ್ನು ಹಡಗು ಹತ್ತಿಸಿತು. ಇಬ್ಬರ ನಡುವೆ ಇರುವ ನಿಜವಾದ ನಂಟು ಇದು, ಮತ್ತು ನನ್ನ ದೃಷ್ಟಿಯಲ್ಲಿ ವಂಶವೃಕ್ಷದ ನಂಟಿಗಿಂತ ಇದೇ ಹೆಚ್ಚು ಅರ್ಥಪೂರ್ಣವಾದದ್ದು.

ಥಾಮಸ್ ಬಂದ ವರ್ಷವೇ ಹೈದರಲಿಯ ಮೇಲೆ ಹೊರಟ ಪಡೆಯ ಸೇನಾಪತಿಯೂ ಒಬ್ಬ ಮನ್ರೋ. 1764ರ ಬಕ್ಸಾರ್ ಯುದ್ಧವನ್ನು ಗೆದ್ದಿದ್ದ, ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿ ಎಂಬ ಕಂಪನಿ ಅಧಿಕಾರಿಯ ತುಕಡಿಗೆ ಸಕಾಲದಲ್ಲಿ ನೆರವಾಗದೆ ಹೋದ ಹೆಕ್ಟರ್ ಮನ್ರೋ ಅವನು. ಹೆಕ್ಟರ್ ಮಾತ್ರ ಆ ರಾಸ್ ಸೀಮೆಯ ನೋವಾರ್ ಎಂಬಲ್ಲಿಯ ಜಮೀನುದಾರ.

ಪ್ರಶ್ನೆ: ಒಂದು ಸಣ್ಣ ಸೀಮೆಯ ಹೆಸರು ಅಮೆರಿಕ, ಕೆನಡಾಗಳಲ್ಲಿ ಇಷ್ಟೊಂದು ಹರಡಲು ಕಾರಣವೇನು? ಅವರೆಲ್ಲ ಸೈನಿಕರಾಗಿಯೇ ಹೋದರೆ?
– ಓದುಗರೊಬ್ಬರು, ಗೋಕಾಕ

ಉತ್ತರ: ಮೊದಲು ಹೋದವರಲ್ಲಿ ಸೈನಿಕರೇ ಹೆಚ್ಚು. ಯುರೋಪಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಹಲವಾರು ಮನ್ರೋಗಳು ಸ್ವೀಡನ್ನಿನ ಅರಸನ ಪರವಾಗಿ ಕಾದಾಡಿದರು. ಫೌಲಿಸಿನ ನಾಯಕನೊಬ್ಬನು 1633ರಲ್ಲಿ ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಗಾಯದಿಂದ ಸತ್ತನು. 1651ರಲ್ಲಿ ವೂಸ್ಟರ್ ಕದನದಲ್ಲಿ ಇಂಗ್ಲೆಂಡಿನ ಸೇನಾಪತಿ ಕ್ರಾಮ್‌ವೆಲ್ ಸ್ಕಾಟರನ್ನು ಸೋಲಿಸಿ, ಸೆರೆಸಿಕ್ಕವರಲ್ಲಿ ಅನೇಕರನ್ನು ಬಾಸ್ಟನ್ನಿಗೆ ಸಾಗಿಸಿ ಜೀತಕ್ಕೆ ಹಚ್ಚಿಸಿದನು. ಹಾಗೆ ಹೋದವರಲ್ಲಿ ಮನ್ರೋಗಳೂ ಇದ್ದರು. ಅವರಲ್ಲೊಬ್ಬನಾದ ವಿಲಿಯಮ್ ಜೀತದ ಅವಧಿ ಮುಗಿದ ಮೇಲೆ ಮ್ಯಾಸಚೂಸೆಟ್ಸಿನ ಲೆಕ್ಸಿಂಗ್ಟನ್ನಿನಲ್ಲಿ ಹೊಲ ಮಾಡಿಕೊಂಡು ನೆಲೆಯೂರಿದನು. 1775ರ ಏಪ್ರಿಲ್ 19ರಂದು ಆ ಊರಿನ ಬಯಲಿನಲ್ಲಿ ಬ್ರಿಟಿಷರ ಗುಂಡಿಗೆ ಬಲಿಯಾದವರಲ್ಲಿ ರಾಬರ್ಟ್ ಮನ್ರೋ ಎಂಬವನೂ ಒಬ್ಬ.

ಆದರೆ ಬಡ ಗೇಣಿದಾರರ ವಲಸೆಗೆ ಕಾರಣ ಕುರಿ. 18ನೇ ಶತಮಾನದ ಕೊನೆಯಲ್ಲಿ ಉಣ್ಣೆಗೆ ಬೆಲೆ ಏರಿದಾಗ, ಗೇಣಿದಾರರಿಂದ ಬರುವುದಕ್ಕಿಂತ ದೊಡ್ಡ ಕುರಿ ಸಾಕಣೆದಾರರಿಂದ ಹೆಚ್ಚು ಹಣ ಬರುತ್ತದೆಂದು ಜಮೀನುದಾರರು ಕಂಡುಕೊಂಡರು. ಮೇಲೆ ಹೇಳಿದ ಹೆಕ್ಟರ್ ಮನ್ರೋನೇ ಕಿಲ್‌ಡರ್ಮೋರಿ ಎಂಬ ತನ್ನ ಹುಲ್ಲುಗಾವಲನ್ನು ಹೊರಗಿನಿಂದ ಬಂದ ಕ್ಯಾಮೆರಾನ್ ಸೋದರರಿಗೆ ವಹಿಸಿಕೊಟ್ಟನು. ಊರವರ ದನಗಳು ರೂಢಿಯಂತೆ ಅಲ್ಲಿಗೆ ಮೇಯಲು ಹೋದಾಗ ಸೋದರರು ಅವನ್ನು ಹಿಡಿದು ಕೂಡಿಹಾಕಿದರು. ಜನ ಸೇರಿ ದನಗಳನ್ನು ಬಿಡಿಸಿಕೊಂಡು, ಬಳಿಕ ಸುತ್ತಲಿನ ಸಾವಿರಾರು ಕುರಿಗಳನ್ನು ಒಟ್ಟುಗೂಡಿಸಿ ಸೀಮೆಯಾಚೆಗೆ ಹೊಡೆದುಕೊಂಡು ಹೊರಟರು. ಸೈನ್ಯ ಬಂದು ಅವರನ್ನು ಚದುರಿಸಿತು. 1792ನ್ನು ಆ ಕಡೆಯವರು ಇಂದಿಗೂ ‘ಕುರಿಗಳ ವರ್ಷ’ವೆಂದೇ ಕರೆಯುತ್ತಾರೆ.

ಇದೇ ಹೆಕ್ಟರ್ ತನ್ನ ಜಮೀನಿನ ಫೈರಿಷ್ ಬೆಟ್ಟದ ನೆತ್ತಿಯ ಮೇಲೆ, ತಾನು 1781ರಲ್ಲಿ ಡಚ್ಚರಿಂದ ಗೆದ್ದ ತಮಿಳುನಾಡಿನ ನಾಗಪಟ್ಟಣದ ಬಾಗಿಲನ್ನು ಹೋಲುವ ಕಲ್ಲಿನ ಕಮಾನುಗಳನ್ನು ಕಟ್ಟಿಸಿದ್ದಾನೆ. ಬಡವರಿಗೆ ಕೂಲಿ ಸಿಗಲೆಂದು ಕಟ್ಟಿಸಿದನೆಂಬ ಹೊಗಳಿಕೆಯೂ ಇದೆ. ಆ ಹೊಗಳಿಕೆಯನ್ನು ಬರೆಯುವವರು ಕಿಲ್‌ಡರ್ಮೋರಿಯ ದನಗಳನ್ನೂ ಮರೆಯದೆ ಬರೆಯಬೇಕು. ನೆಲ ಕಳೆದುಕೊಂಡವರು ಕೆಲವರು ಕಡಲ ದಂಡೆಗೆ, ಕೆಲವರು ಗ್ಲಾಸ್ಗೋದ ಗಿರಣಿಗಳಿಗೆ, ಇನ್ನು ಕೆಲವರು ನೋವಾ ಸ್ಕೋಷಿಯಾ, ಒಂಟಾರಿಯೊ, ಆಸ್ಟ್ರೇಲಿಯಾಗಳಿಗೆ ಹೋದರು. ಅಲ್ಲಿಯ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡುದರಿಂದ ಒಂದೇ ಹೆಸರಿಗೆ ನಾಲ್ಕಾರು ಕಾಗುಣಿತಗಳಾದವು. ಕಾಗುಣಿತ ನೋಡಿ ಶಾಖೆ ಹೇಳಲಾಗದು.

ಪ್ರಶ್ನೆ: ನಮ್ಮ ಮಗಳು ಕೆನಡಾದಲ್ಲಿ ಮನ್ರೋ ಮನೆತನದ ಸೊಸೆ. ಮೊಮ್ಮಕ್ಕಳಿಗಾಗಿ ಆ ಕಡೆಯ ಹಿರಿಯರ ಮೂಲ ಹುಡುಕಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಇಂಡಿ

ಉತ್ತರ: ಫೌಲಿಸಿನ ಕೋಟೆಯಿಂದಲ್ಲ, ಬೀಗರ ಮನೆಯಿಂದಲೇ ಆರಂಭಿಸಿ. ಅಜ್ಜ, ಮುತ್ತಜ್ಜರ ಹೆಸರು, ಹುಟ್ಟಿದ ಊರು ಹಾಗೂ ಚರ್ಚು ಗೊತ್ತಾದ ಮೇಲಷ್ಟೇ ಸ್ಕಾಟ್ಲೆಂಡಿನ ದಾಖಲೆಗಳಿಗೆ ಹೋಗಿ. ಅಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಮರಣದ ದಾಖಲೆಯಲ್ಲಿ ತಂದೆಯ ಹೆಸರಷ್ಟೇ ಅಲ್ಲದೆ ತಾಯಿಯ ತವರಿನ ಅಡ್ಡಹೆಸರನ್ನೂ ಬರೆಯುವುದರಿಂದ, ಒಂದೇ ಹೆಸರಿನ ಹತ್ತು ಜನರ ನಡುವೆ ನಿಮಗೆ ಬೇಕಾದವನನ್ನು ಗುರುತಿಸಲು ಅದಕ್ಕಿಂತ ದೊಡ್ಡ ಆಧಾರವಿಲ್ಲ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಹಳೆಯ ವಹಿಗಳಿವೆ. ಮನ್ರೋಗಳ ಮಟ್ಟಿಗೆ ಕಿಲ್ಟರ್ನ್ ಮತ್ತು ಆಲ್‌ನೆಸ್ ಎಂಬ ಎರಡು ಊರುಗಳ ವಹಿಗಳನ್ನು ಮೊದಲು ನೋಡಿ. 1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯ ಹಾಳೆಗಳೂ ಸಿಗುತ್ತವೆ. ಇವೆಲ್ಲ ಎಡಿನ್‌ಬರೋದ ರಾಷ್ಟ್ರೀಯ ದಾಖಲೆ ಕಚೇರಿಯಲ್ಲಿದ್ದು, ಅದರ ‘ಸ್ಕಾಟ್ಲೆಂಡ್ಸ್ ಪೀಪಲ್’ ಜಾಲತಾಣದಲ್ಲಿ ಶುಲ್ಕ ತುಂಬಿ ಇಂಡಿಯಿಂದಲೇ ನೋಡಬಹುದು.

ಹುಡುಕುವಾಗ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಅಡ್ಡಹೆಸರಿನ ಮೇಲೆ ಲಾಂಛನ ಅಚ್ಚುಹಾಕಿ ಮಾರುವವರಿಂದ ಏನನ್ನೂ ಕೊಳ್ಳಬೇಡಿ. ಸ್ಕಾಟ್ಲೆಂಡಿನ ಕಾನೂನಿನಂತೆ ಲಾಂಛನವು ಅದನ್ನು ಪಡೆದ ವ್ಯಕ್ತಿಗೆ ಸೇರಿದ್ದು, ಅಡ್ಡಹೆಸರಿನವರೆಲ್ಲರಿಗೂ ಅಲ್ಲ.