ಎರಡು ಲೈನ್ ಇದ್ದರೂ ಸ್ಪೀಡ್ ಒಂದರದ್ದೇ ಯಾಕೆ?

ಪ್ರಶ್ನೆ: ಸರ್, ರಬಕವಿಯಲ್ಲಿ ನನ್ನದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ನೆಟ್ ಕೈಕೊಟ್ಟರೆ ಗಿರಾಕಿ ನಿಲ್ಲುವುದಿಲ್ಲ. ಅದಕ್ಕೇ 100 ಎಂಬಿಪಿಎಸ್ ಫೈಬರ್ ಜೊತೆಗೆ ಕೇಬಲ್‌ನವರ 50 ಎಂಬಿಪಿಎಸ್ ಲೈನನ್ನೂ ತಗೊಂಡು, ಎರಡನ್ನೂ ಸೇರಿಸುವ ರೂಟರ್ ಹಾಕಿಸಿದೆ. ಆದರೆ ದೊಡ್ಡ ಫೈಲ್ ಇಳಿಸುವಾಗ 150 ಬರುವುದೇ ಇಲ್ಲ, ಒಮ್ಮೊಮ್ಮೆ 50ಕ್ಕೇ ನಿಲ್ಲುತ್ತದೆ. ಬ್ಯಾಂಕಿನ ಸೈಟು ಅರ್ಧಕ್ಕೇ ಹೊರಗೆ ಹಾಕುತ್ತದೆ. ಹೋದ ವಾರ ಫೈಬರ್ ಬಂದ್ ಆದಾಗ ಇನ್ನೊಂದು ಲೈನ್ ಚೆನ್ನಾಗಿದ್ದರೂ ಅಂಗಡಿಯ ನೆಟ್ ಪೂರಾ ನಿಂತಿತ್ತು. ರೂಟರ್ ಕೆಟ್ಟಿದೆಯಾ?
– ಹೆಸರು ಬೇಡ ಎಂದವರು, ರಬಕವಿ

ಉತ್ತರ: ಕೆಟ್ಟಿಲ್ಲ. ಮಗ್ಗದ ಊರಿನವರು ನೀವು, ನಿಮಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಎರಡು ಮಗ್ಗ ಇದ್ದರೆ ಎರಡು ಸೀರೆ ಒಟ್ಟಿಗೆ ನೇಯಬಹುದು. ಒಂದೇ ಸೀರೆಯನ್ನು ಎರಡು ಮಗ್ಗಕ್ಕೆ ಹಾಕಿ ಅರ್ಧ ಹೊತ್ತಿನಲ್ಲಿ ಮುಗಿಸಲು ಆಗುತ್ತದಾ? ನಿಮ್ಮ ಫೈಲ್ ಆ ಒಂದು ಸೀರೆ.

ಒಳಗೆ ನಡೆಯುವುದು ಇಷ್ಟು. ಫೈಲ್ ಇಡಿಯಾಗಿ ಬರುವುದಿಲ್ಲ. ಹೆಚ್ಚೆಂದರೆ 1500 ಬೈಟ್‌ನ ತುಂಡುಗಳಾಗಿ ಬರುತ್ತದೆ, ಇದಕ್ಕೆ ಪ್ಯಾಕೆಟ್ ಅನ್ನುತ್ತಾರೆ. 1 ಎಂಬಿಯ ಒಂದು ಫೋಟೊ ಅಂದರೆ ಹತ್ತಿರ ಹತ್ತಿರ 700 ಪ್ಯಾಕೆಟ್. ನಿಮ್ಮ ಎರಡು ಲೈನಿಗೂ ಹೊರಗಡೆ ಬೇರೆ ಬೇರೆ ಐಪಿ ವಿಳಾಸ ಇದೆ, ನೆಟ್‌ನಲ್ಲಿ ಅದು ಮನೆ ನಂಬರ್ ಇದ್ದ ಹಾಗೆ. ಆ ಕಡೆಯ ಸರ್ವರ್ ಮಾತಾಡುತ್ತಿರುವುದು ಫೈಬರಿನ ವಿಳಾಸದ ಜೊತೆ. ನಡುವೆ ಕೇಬಲ್ ವಿಳಾಸದಿಂದ ಉತ್ತರ ಹೋದರೆ ‘ನೀನ್ಯಾರಪ್ಪ?’ ಎಂದು ಅದನ್ನು ಬಿಸಾಡುತ್ತದೆ. ಅದಕ್ಕೇ ರೂಟರ್ ಒಂದೊಂದು ಮಾತುಕತೆಯನ್ನು ಒಂದೊಂದು ಲೈನಿಗೆ ಕಟ್ಟಿಬಿಡುತ್ತದೆ. ಕೇಬಲ್ ಪಾಲಿಗೆ ಬಿದ್ದ ಫೈಲ್ 50ರಲ್ಲೇ ಮುಗಿಯಬೇಕು. ಸ್ಪೀಡ್ ಟೆಸ್ಟ್ ಹಾಕಿ ನೋಡಿ, ಅದು ಒಟ್ಟಿಗೇ ಹಲವು ಮಾತುಕತೆ ತೆರೆಯುವುದರಿಂದ 150ರ ಹತ್ತಿರವೂ ಹೋಗಬಹುದು. ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರ್ ಒಟ್ಟಿಗೆ ಓಡುವಾಗ ನಿಮಗೆ ಎರಡನೇ ಲೈನಿನ ಲಾಭ ಸಿಗುತ್ತದೆ. ರೂಟರಿನಲ್ಲಿ ಎರಡು ಲೈನಿಗೂ ಸಮಪಾಲು ಇದ್ದರೆ 2:1 ಮಾಡಿ, ಫೈಬರಿಗೆ ಎರಡು ಪಾಲು.

ಬ್ಯಾಂಕಿನ ಗೋಳಿಗೂ ಮೂಲ ಇದೇ. ಲಾಗಿನ್ ಆಗಿದ್ದು ಫೈಬರಿನಿಂದ, ಮುಂದಿನ ಬಟನ್ ಒತ್ತಿದಾಗ ಹೊಸ ಮಾತುಕತೆ ಕೇಬಲ್‌ನಿಂದ ಹೋಯಿತು. ವಿಳಾಸ ಬದಲಾಗಿದ್ದು ಕಂಡು ಕಳ್ಳ ಬಂದ ಅಂತ ಬ್ಯಾಂಕು ಬಾಗಿಲು ಹಾಕಿತು. ಅದು ಮಾಡಿದ್ದು ಸರಿಯೇ ಅಲ್ವಾ? ಹಣದ ಕೆಲಸ ಮಾಡುವ ಕಂಪ್ಯೂಟರ್ ಯಾವಾಗಲೂ ಫೈಬರಿನಲ್ಲೇ ಹೋಗಲಿ ಎಂದು ರೂಟರ್ ಸೆಟ್ಟಿಂಗಿನ ಪಾಲಿಸಿ ರೂಟಿಂಗ್ ಪುಟದಲ್ಲಿ ಒಂದು ಸಾಲು ಹಾಕಿ. ಐದು ನಿಮಿಷದ ಕೆಲಸ.

ಮೂರನೆಯ ತೊಂದರೆ ಓದಿ ನನಗೆ ನಗು ಬಂತು, ಯಾಕಂದರೆ ಈ ತಪ್ಪು ನಾನೇ ಮಾಡಿದವನು. ವಿಜಯಪುರದ ಒಂದು ಆಫೀಸಿಗೆ ಇಂಥದ್ದೇ ಎರಡು ಲೈನ್ ಹಾಕಿಕೊಟ್ಟಿದ್ದೆ. ಮಾಲೀಕರ ಎದುರಿಗೇ ರೂಟರಿನಿಂದ ಫೈಬರ್ ಕಡೆಯ ವೈರ್ ಕಿತ್ತೆ. ಕೆಲವೇ ಸೆಕೆಂಡಿಗೆ ನೆಟ್ ಇನ್ನೊಂದು ಲೈನಿಗೆ ಹೊರಳಿತು. ಭೇಷ್ ಅಂದರು, ಚಹಾ ತರಿಸಿದರು. ಹದಿನೈದು ದಿನಕ್ಕೆ ಫೋನ್ ಬಂತು: ‘ಎಲ್ಲಾ ಹಸಿರು ದೀಪ ಹತ್ಯಾವಲ್ರೀ, ನೆಟ್ ಯಾಕ ಬರವಲ್ದು?’ ಊರಾಚೆ ಎಲ್ಲೋ ಜೆಸಿಬಿ ಹಲ್ಲಿಗೆ ಫೈಬರ್ ಸಿಕ್ಕು ತುಂಡಾಗಿತ್ತು. ಆಫೀಸಿನಿಂದ ಊರೊಳಗಿನ ಎಕ್ಸ್‌ಚೇಂಜ್‌ವರೆಗೆ ಲೈನ್ ಸರಿ ಇತ್ತು, ಅಲ್ಲಿಂದ ಮುಂದೆ ಇರಲಿಲ್ಲ. ‘ಲೈನ್ ಬದುಕಿದೆಯಾ’ ಎಂದು ಕೇಳಲು ರೂಟರಿಗೆ ನಾನು ಕೊಟ್ಟಿದ್ದ ವಿಳಾಸ 192.168.1.1, ಅಂದರೆ ಪಕ್ಕದಲ್ಲೇ ಕೂತಿದ್ದ ಮೊಡೆಮ್, ಫೈಬರ್ ಬಂದು ಸೇರುವ ಡಬ್ಬಿ! ಪಾಪ, ಅದು ಪ್ರತಿ ಸಲವೂ ‘ಹೂಂ’ ಅಂತಿತ್ತು.

ನಿಮ್ಮಲ್ಲೂ ಹೀಗೇ ಆಗಿರಬೇಕು. ಲೈನ್ ಚೆಕ್ ಮಾಡುವ ವಿಳಾಸವನ್ನು ಹೊರಗಿನದಕ್ಕೆ ಬದಲಿಸಿ. ಗೂಗಲ್‌ನ 8.8.8.8 ಮತ್ತು ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಎರಡನ್ನೂ ಕೊಡಿ. ಮೂರು ಸಲ ಕೇಳಿದರೂ ಆ ಎರಡು ವಿಳಾಸವೂ ಉತ್ತರ ಕೊಡದಿದ್ದರೆ ಮಾತ್ರ ಲೈನ್ ಬದಲಿಸು ಅನ್ನಿ. ಒಂದನ್ನೇ ನಂಬಿದರೆ ಅದೊಂದು ಮಲಗಿದ ದಿನ ಸುಮ್ನೆ ಲೈನ್ ಹೊರಳುತ್ತದೆ. ಪರೀಕ್ಷೆ ಮಾಡುವಾಗ ನನ್ನ ಹಾಗೆ ರೂಟರಿನ ವೈರ್ ಕೀಳಬೇಡಿ. ಮೊಡೆಮ್ ಚಾಲೂ ಇರಲಿ, ಅದರ ಹಿಂದಿನ ತೆಳು ಫೈಬರ್ ತೆಗೆಯಿರಿ. ತುದಿಗೆ ಬೆರಳು ತಾಗಿಸಬೇಡಿ, ಒಳಗೆ ಇಣುಕಲೂಬೇಡಿ.

ಪ್ರಶ್ನೆ: ನಾನು ವಿಜಯಪುರದಿಂದ ಬಾಗಲಕೋಟೆಯ ಗೆಳೆಯನಿಗೆ ಕಳಿಸಿದ್ದು ಬೆಂಗಳೂರು ಸುತ್ತಿ ಹೋಗುತ್ತದಂತೆ. ನಿಜವಾ?
– ಡಿಪ್ಲೊಮಾ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಹೋಗಬಹುದು, ಮುಂಬೈ ಸುತ್ತಿಯೂ ಹೋಗಬಹುದು. ನಿಮ್ಮದೊಂದು ಕಂಪನಿಯ ಲೈನ್, ಅವನದ್ದು ಇನ್ನೊಂದು. ಇಬ್ಬರ ನೆಟ್‌ವರ್ಕ್ ಎಲ್ಲಿ ಕೈ ಜೋಡಿಸುತ್ತವೋ ಅಲ್ಲಿಯವರೆಗೆ ಹೋಗಲೇಬೇಕು. ಆ ಜಾಗ ಸಾಮಾನ್ಯವಾಗಿ ದೊಡ್ಡ ಊರಲ್ಲಿರುತ್ತದೆ. ಮೊದಲು ಎಷ್ಟೋ ಸಲ ಭಾರತದ ಇಬ್ಬರ ನಡುವಿನ ಮಾತೂ ವಿದೇಶ ಸುತ್ತಿ ಬರುತ್ತಿತ್ತು. ಅದನ್ನು ತಪ್ಪಿಸಲೆಂದೇ 2003ರಲ್ಲಿ ‘ನಿಕ್ಸಿ’ ಶುರುವಾಯಿತು, ಇಲ್ಲಿನ ಕಂಪನಿಗಳ ನೆಟ್‌ವರ್ಕ್‌ಗಳು ದೇಶದೊಳಗೇ ಕೈ ಜೋಡಿಸುವ ವ್ಯವಸ್ಥೆ ಅದು.

ದಾರಿ ಆರಿಸುವ ನಿಯಮದ ಹೆಸರು ಬಿಜಿಪಿ. 1989ರಲ್ಲಿ ಇಬ್ಬರು ಎಂಜಿನಿಯರ್‌ಗಳು ಊಟದ ಹೊತ್ತಿನಲ್ಲಿ ಕೈ ಒರೆಸುವ ಕಾಗದದ ಮೇಲೆ ಗೀಚಿದ್ದು ಅದು. ಅದಕ್ಕೆ ಕಿಲೋಮೀಟರ್ ಗೊತ್ತಿಲ್ಲ, ಸ್ಪೀಡೂ ಗೊತ್ತಿಲ್ಲ. ಯಾವ ಕಂಪನಿಯ ದಾರಿ ಮೊದಲು ಹಿಡಿಯಬೇಕೆಂದು ನೆಟ್‌ವರ್ಕಿನ ಮಾಲೀಕರು ಹೇಳಿದ್ದಾರೋ ಅದನ್ನು ನೋಡುತ್ತದೆ, ಆಮೇಲೆ ನಡುವೆ ಎಷ್ಟು ನೆಟ್‌ವರ್ಕ್ ಬರುತ್ತವೆ ಎಂದು ಎಣಿಸುತ್ತದೆ. ಯಾವ ದಾರಿ ಅಗ್ಗವೋ ಮಾಲೀಕರು ಅದನ್ನೇ ಮೇಲೆ ಇಡುತ್ತಾರೆ. ಬಸ್ಸಿನಲ್ಲಿ ಎರಡು ತಾಸಿನ ಊರಿಗೆ ಸಾವಿರ ಕಿಲೋಮೀಟರ್ ಸುತ್ತು ಎಂದು ಬೇಜಾರಾಗಬೇಡಿ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಆ ಸುತ್ತಿಗೆ 5 ಮಿಲಿಸೆಕೆಂಡ್ ಸಾಕು.

ವಿಂಡೋಸ್‌ನ ಕಪ್ಪು ಪರದೆಯಲ್ಲಿ (ಕಮಾಂಡ್ ಪ್ರಾಂಪ್ಟ್) ‘ಟ್ರೇಸರ್ಟ್’ (tracert) ಆದೇಶದ ಮುಂದೆ ಯಾವುದಾದರೂ ಸೈಟಿನ ಹೆಸರು ಹಾಕಿ ನೋಡಿ. ದಾರಿಯ ರೂಟರ್‌ಗಳು ಒಂದರ ಕೆಳಗೊಂದು ಬರುತ್ತವೆ. ನಡುನಡುವೆ ನಕ್ಷತ್ರದ ಗುರುತು (*) ಬಂದರೆ ಲೈನ್ ಹೋಯಿತು ಅಂದುಕೊಳ್ಳಬೇಡಿ. ಕೆಲವು ರೂಟರ್ ಪ್ಯಾಕೆಟ್ ಮುಂದೆ ಕಳಿಸುತ್ತವೆ, ಯಾರು ಕೇಳಿದರೂ ಉತ್ತರ ಮಾತ್ರ ಕೊಡುವುದಿಲ್ಲ.