34 ಸೀಸನ್ ಆದರೂ ಅಸಿಸ್ಟೆಂಟೇ?

ದಾವಣಗೆರೆಯ ಓದುಗರೊಬ್ಬರು ಸ್ವಲ್ಪ ಸಿಟ್ಟಲ್ಲೇ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಕೋಚ್ ಡಾಂಟೆ ಸ್ಕಾರ್ನೆಕಿಯಾ ಅವರನ್ನು ನಾವು ಒಂದು ಸಾಲಿನಲ್ಲಿ ಹೊಗಳಿದ್ದೆವು. "ಒಂದೇ ತಂಡದಲ್ಲಿ 34 ಸೀಸನ್ ಇದ್ದೂ ಹೆಡ್ ಕೋಚ್ ಆಗಲಿಲ್ಲ ಅಂದ್ರೆ, ಎಸ್‌ಡಿಎ ಆಗಿ ಸೇರಿ ಎಸ್‌ಡಿಎ ಆಗಿಯೇ ರಿಟೈರ್ ಆದ ಹಾಗೆ. ಇದರಲ್ಲಿ ಹೊಗಳೋಕೆ ಏನಿದೆ? ಅವರು ಮಾಡಿದ ಕೆಲಸ ಟಿವಿಯಲ್ಲಾದರೂ ಕಾಣುತ್ತಾ?" ಅಂತ ಕೇಳಿದ್ದಾರೆ.

ಸಾರ್, ಒಂದೇ ಸಾಲಿಗೆ ಮುಗಿಸಿದ್ದು ನಮ್ಮ ತಪ್ಪು. ಆದರೆ ನಿಮ್ಮ ಎಸ್‌ಡಿಎ ಹೋಲಿಕೆ ಇಲ್ಲಿ ಕೂರೋದಿಲ್ಲ.

ಈ ಆಟದಲ್ಲಿ ಒಂದು ತಂಡಕ್ಕೆ 53 ಆಟಗಾರರು. ಎಲ್ಲರಿಗೂ ಒಬ್ಬರೇ ಕಲಿಸೋಕಾಗಲ್ಲ. ಹಾಗಾಗಿ ಓಡುವವರಿಗೆ ಒಬ್ಬ ಕೋಚ್, ಚೆಂಡು ಹಿಡಿಯುವವರಿಗೆ ಒಬ್ಬ, ಅಡ್ಡ ನಿಲ್ಲುವವರಿಗೆ ಇನ್ನೊಬ್ಬ. ಹೆಡ್ ಕೋಚ್ ಎಲ್ಲವನ್ನೂ ನಡೆಸುತ್ತಾರೆ, ಪತ್ರಕರ್ತರ ಮುಂದೆ ಕೂರುತ್ತಾರೆ. ಆದರೆ ಆಟಗಾರ ಕಾಲು ಎಲ್ಲಿಡಬೇಕು, ಕೈ ಎಲ್ಲಿಗೆ ಹಾಕಬೇಕು ಅಂತ ದಿನಾ ತಿದ್ದೋದು ಈ ಅಸಿಸ್ಟೆಂಟ್‌ಗಳೇ.

ಸ್ಕಾರ್ನೆಕಿಯಾ 1982ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿದರು. ನಡುವೆ 1989 ಮತ್ತು 90ರಲ್ಲಿ ಇಂಡಿಯಾನಾಪೊಲಿಸ್‌ನ ಕೋಲ್ಟ್ಸ್ ತಂಡಕ್ಕೆ ಹೋಗಿ, 1991ರಲ್ಲಿ ವಾಪಸ್ ಬಂದರು. ಈ ವೃತ್ತಿಯಲ್ಲಿ ಹೆಡ್ ಕೋಚ್ ಹೋದರೆ ಅವರ ಅಸಿಸ್ಟೆಂಟ್‌ಗಳೂ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು. ಹೊಸಬರು ತಮ್ಮವರನ್ನೇ ಕರ್ಕೊಂಡು ಬರ್ತಾರೆ, ಮನೆ ಖಾಲಿ ಮಾಡು, ಮಕ್ಕಳ ಸ್ಕೂಲ್ ಬದಲಿಸು, ಇದೇ ಬದುಕು. ಅಂಥ ಕಡೆ ಈ ಮನುಷ್ಯ ಪೇಟ್ರಿಯಟ್ಸ್‌ನಲ್ಲೇ ಮೇಯರ್, ಬೆರಿ, ಮ್ಯಾಕ್‌ಫರ್ಸನ್, ಪಾರ್ಸೆಲ್ಸ್, ಕ್ಯಾರಲ್, ಬೆಲಿಚಿಕ್ ಅಂತ ಆರು ಜನ ಹೆಡ್ ಕೋಚ್‌ಗಳ ಕೈಕೆಳಗೆ ಕೆಲಸ ಮಾಡಿದರು. ಹೊಸದಾಗಿ ಬಂದವರೂ 'ಇವರು ಇರಲಿ' ಅಂದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ? ಅಂದ ಹಾಗೆ, 1992ರಲ್ಲಿ ಮ್ಯಾಕ್‌ಫರ್ಸನ್ ಕಾಯಿಲೆ ಬಿದ್ದಾಗ ಕೆಲವು ಪಂದ್ಯಗಳಿಗೆ ಹಂಗಾಮಿ ಹೆಡ್ ಕೋಚ್ ಕೂಡ ಆಗಿದ್ದರು.

ಅವರ ಹೆಸರು ಉಳಿದಿರೋದು ಮಾತ್ರ ಅಫೆನ್ಸಿವ್ ಲೈನ್‌ನಿಂದ. ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಎದುರಾಳಿ ಬೀಳದಂತೆ ಗೋಡೆ ಹಾಗೆ ನಿಲ್ಲುವ ಐದು ಜನ. 1999ರಿಂದ ಈ ಐವರ ಹೊಣೆ ಅವರದು.

ನಿಮ್ಮೂರು ಕುಸ್ತಿಗೆ ಹೆಸರಾದದ್ದು, ಹಾಗಾಗಿ ಈ ಕಥೆ ನಿಮಗೆ ಹೇಳಲೇಬೇಕು. ಸ್ಟೀಫನ್ ನೀಲ್ 1999ರ ವಿಶ್ವ ಫ್ರೀಸ್ಟೈಲ್ ಕುಸ್ತಿ ಚಾಂಪಿಯನ್. ಅದೇ ವರ್ಷ ಕಾಲೇಜು ಫೈನಲ್‌ನಲ್ಲಿ ಬ್ರಾಕ್ ಲೆಸ್ನರ್‌ನನ್ನು ಸೋಲಿಸಿದವರು, ಹೌದು, ಟಿವಿ ಕುಸ್ತಿಯ ಅದೇ ಲೆಸ್ನರ್! ನೀಲ್ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರೇ ಅಲ್ಲ. ಅಂಥವರನ್ನು ಸ್ಕಾರ್ನೆಕಿಯಾ ಕೈಗೆ ಕೊಟ್ಟರು. ಪಟ್ಟು ಹಾಕೋಕೆ ಗೊತ್ತಿದ್ದ ಪೈಲ್ವಾನನಿಗೆ ಈ ಆಟದ ಹೆಜ್ಜೆ ಒಂದೊಂದಾಗಿ ಕಲಿಸಬೇಕಿತ್ತು. 2004ರ ಸೀಸನ್ ಹೊತ್ತಿಗೆ ನೀಲ್ ಆ ಐವರಲ್ಲಿ ರೈಟ್ ಗಾರ್ಡ್ ಜಾಗದಲ್ಲಿ ಕಾಯಂ, ತಂಡಕ್ಕೆ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್‌ನಲ್ಲಿ ಗೆಲುವು.

2013ರ ಸೀಸನ್ ಮುಗಿಸಿ ಸ್ಕಾರ್ನೆಕಿಯಾ ನಿವೃತ್ತರಾದರು. ಎರಡು ವರ್ಷ ಕಳೆದು, 2016ರ ಜನವರಿಯಲ್ಲಿ ಡೆನ್ವರ್ ಎದುರಿನ ಪಂದ್ಯದಲ್ಲಿ ಆ ಗೋಡೆ ಕುಸಿಯಿತು. ತಂಡದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಏಟಿನ ಮೇಲೆ ಏಟು ತಿಂದರು, ತಂಡ 20-18ರಲ್ಲಿ ಸೋತಿತು. ಆಗಿನ ಲೈನ್ ಕೋಚ್‌ನ ಕೆಲಸ ಹೋಯ್ತು. ಆಗ ಬೆಲಿಚಿಕ್ ಕರೆಸಿದ್ದು ಯಾರನ್ನು? 68ನೇ ವಯಸ್ಸಿಗೆ ಕಾಲಿಡುತ್ತಿದ್ದ ಇದೇ ಅಸಿಸ್ಟೆಂಟ್‌ನನ್ನು. ಡೆನ್ವರ್‌ನಲ್ಲಿ ಒದ್ದಾಡಿದ್ದ ಲೈನ್ ಆಟಗಾರ ಮಾರ್ಕಸ್ ಕ್ಯಾನನ್ ಮುಂದಿನ ಸೀಸನ್‌ನಲ್ಲಿ ಆಲ್-ಪ್ರೊ (ಇಡೀ ಲೀಗ್‌ನ ಶ್ರೇಷ್ಠ ಆಟಗಾರರ ಪಟ್ಟಿ) ಎರಡನೇ ತಂಡಕ್ಕೆ ಆಯ್ಕೆಯಾದರು. ಆ ಸೀಸನ್ನಿನ ಸೂಪರ್ ಬೌಲ್‌ನಲ್ಲಿ 28-3 ಹಿಂದಿದ್ದ ಪೇಟ್ರಿಯಟ್ಸ್ 34-28ಕ್ಕೆ ಗೆದ್ದಿತು. ಬ್ರೇಡಿಯ ಸಾಹಸ ಅಂತ ಎಲ್ಲರೂ ಹೇಳ್ತಾರೆ, ಸರಿಯೇ. ಆದರೆ ಎಸೆಯೋಕೆ ಟೈಮ್ ಸಿಗಬೇಕಲ್ವಾ?

2019ರ ಸೀಸನ್ ಆದ ಮೇಲೆ ಸ್ಕಾರ್ನೆಕಿಯಾ ಮತ್ತೆ ನಿವೃತ್ತರಾದರು, ಐದು ಸೂಪರ್ ಬೌಲ್ ಉಂಗುರಗಳೊಂದಿಗೆ. 2023ರಲ್ಲಿ ತಂಡದ ಹಾಲ್ ಆಫ್ ಫೇಮ್‌ಗೂ ಸೇರಿದರು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಕೆಲಸ ಟಿವಿಯಲ್ಲಿ ಕಾಣುತ್ತಾ ಅಂತ. ಕಾಣುತ್ತೆ ಸಾರ್. ಯೂಟ್ಯೂಬ್‌ನಲ್ಲಿ ಹಳೇ ಪೇಟ್ರಿಯಟ್ಸ್ ಪಂದ್ಯ ಯಾವುದಾದರೂ ಹಾಕಿ. ಚೆಂಡು ಕೈಗೆ ಬಂದ ಮೇಲೆ ಮೊದಲ ಎರಡು ಸೆಕೆಂಡ್ ಬ್ರೇಡಿಯನ್ನು ನೋಡಬೇಡಿ. ಅವರ ಮುಂದಿರುವ ಐದು ಜನರ ಕಾಲುಗಳನ್ನು ನೋಡಿ.