ಚಿಕ್ಕ ಜೀವ ನೋಡೋಕೆ ಇಂಡೋನೇಷ್ಯಾಗೇ ಹೋಗ್ಬೇಕಾ?

ಪ್ರಶ್ನೆ: ಡಿಸೆಂಬರಲ್ಲಿ ಗೋವಾದ ಗ್ರಾಂಡ್ ಐಲೆಂಡ್ ಹತ್ರ ಎರಡು ಸ್ಕೂಬಾ ಡೈವ್ ಮಾಡಿದೆ, ನೀರೆಲ್ಲ ಮಬ್ಬು, ನಾಲ್ಕು ಮೀನು ಬಿಟ್ರೆ ಏನೂ ಕಾಣ್ಲಿಲ್ಲ. ನುಡಿಬ್ರಾಂಕ್ (ಚಿಪ್ಪಿಲ್ಲದ ಸಣ್ಣ ಸಮುದ್ರ ಬಸವನಹುಳು) ನೋಡ್ಬೇಕಂದ್ರೆ ಇಂಡೋನೇಷ್ಯಾದ ಲೆಂಬೆಗೇ ಹೋಗು ಅಂತಾನೆ ಫ್ರೆಂಡು. ದುಡ್ಡು ಕೂಡಿಸ್ಲಾ? ಇನ್ನೊಂದು, ಡೈವ್ ಮಾಡಿದ ಸಂಜೆನೇ ಕಾರಲ್ಲಿ ಬೆಳಗಾವಿಗೆ ಹೋಗೋದು ನಮ್ಮ ರೂಢಿ, ತೊಂದ್ರೆ ಇಲ್ಲ ತಾನೆ? (ವಾಸ್ಕೋದಿಂದ ಒಬ್ಬ ಓದುಗರು)

ಉತ್ತರ: ದುಡ್ಡು ಕೂಡಿಸಿ, ಲೆಂಬೆ ಅಷ್ಟು ಚೆನ್ನಾಗೇ ಇದೆ, ಆದ್ರೆ ಅಲ್ಲೂ ಇರೋದು ಕಪ್ಪು ಮರಳೇ, ಸುಮ್ನೆ ಈಜ್ಕೊಂಡು ಹೋದ್ರೆ ಅಲ್ಲೂ ಏನೂ ಕಾಣಲ್ಲ. ಈ ಸೀಜನ್ ಗ್ರಾಂಡ್ ಐಲೆಂಡಲ್ಲೇ ಒಂದು ಕೆಲಸ ಮಾಡಿ ನೋಡಿ, ಗೈಡ್‌ಗೆ ಮೊದಲೇ ಹೇಳಿ ಒಂದೇ ಬಂಡೆ ಹತ್ರ ಹತ್ತು ನಿಮಿಷ ನಿಲ್ಲಿ. ಕೈಯಲ್ಲಿ ಟಾರ್ಚ್ ಇರ್ಲಿ, ಹಗಲಾದ್ರೂ ಬೇಕು, ಯಾಕಂದ್ರೆ ಕೆಲವೇ ಮೀಟರ್ ಇಳಿಯೋದ್ರಲ್ಲಿ ಕೆಂಪು ಬಣ್ಣ ಮಾಯ ಆಗಿ ಎಲ್ಲ ಬೂದಿ ಬೂದಿ ಕಾಣುತ್ತೆ. ಮೊದಲು ನುಡಿಬ್ರಾಂಕ್ ಮೊಟ್ಟೆ ಹುಡುಕಿ, ಚಕ್ಕುಲಿ ಒತ್ತಿದ ಹಾಗೆ ಸುತ್ತಿರೋ ಸಣ್ಣ ರಿಬ್ಬನ್ ಬಂಡೆಗೆ ಅಂಟಿರುತ್ತೆ, ಅದು ಸಿಕ್ತು ಅಂದ್ರೆ ಇಟ್ಟ ಜೀವನೂ ಎಲ್ಲೋ ಅಲ್ಲೇ ಹತ್ರ ಇರೋ ಚಾನ್ಸ್ ಜಾಸ್ತಿ. ಆಮೇಲೆ ಗರಿ ಥರ ಬೆಳೆದಿರೋ ಹೈಡ್ರಾಯ್ಡ್ ನೋಡಿ, ಗಿಡದ ಹಾಗೆ ಕಂಡ್ರೂ ಅದು ಪ್ರಾಣಿನೇ. ಮುಟ್ಟಿದ್ರೆ ನಮ್ಮ ಚರ್ಮ ಉರಿಯುತ್ತೆ, ಕೆಲವು ನುಡಿಬ್ರಾಂಕ್ ಅದನ್ನೇ ತಿಂದು, ಆ ಚುಚ್ಚೋ ಕೋಶಗಳನ್ನ ಸಿಡಿಯೋಕೆ ಬಿಡದೆ ತನ್ನ ಬೆನ್ನಿನ ಎಳೆಗಳ ತುದಿಯಲ್ಲಿ ಜೋಡಿಸಿಟ್ಕೊಳ್ಳುತ್ತೆ, ಶತ್ರು ಬಂದ್ರೆ ಅದೇ ಆಯುಧ! ಉಗುರಷ್ಟು ಇಲ್ಲದ, ಚಿಪ್ಪೂ ಇಲ್ಲದ ಹುಳ ಅದು. ಮೊದಲ ಸಲ ಟಾರ್ಚ್ ಬೆಳಕಲ್ಲಿ ಅದರ ಕೊಂಬು ಎರಡೂ ಅಲುಗಾಡಿದ್ದು ನೋಡಿ ನಾನು ಉಸಿರು ಬಿಡೋದೇ ಮರೆತಿದ್ದೆ, ನೀವು ಮಾತ್ರ ಉಸಿರು ಹಿಡೀಬೇಡಿ.

ಕ್ಯಾಮೆರಾ ಈಗ್ಲೇ ಬೇಡ ಅಂತೀನಿ. ಬಾಯನ್ಸಿ, ಅಂದ್ರೆ ಮುಳುಗದೆ ಮೇಲೇಳದೆ ನೀರಲ್ಲಿ ಒಂದೇ ಮಟ್ಟದಲ್ಲಿ ನಿಲ್ಲೋದು, ಕೈಗೆ ಬರೋವರೆಗೆ ಫೋಟೋ ಹುಚ್ಚಲ್ಲಿ ಕಾಲಿನ ಫಿನ್ ತಾಗಿ ಹವಳ ಮುರಿಯುತ್ತೆ, ಅದು ಮತ್ತೆ ಬೆಳೆಯೋಕೆ ವರ್ಷಗಟ್ಟಲೆ ಬೇಕು. ನೀರು ತಿಳಿಯಾಗಿರ್ಲಿ ಅಂದ್ರೆ ಮುರ್ಡೇಶ್ವರದ ಹತ್ರದ ನೇತ್ರಾಣಿ ದ್ವೀಪಕ್ಕೂ ಒಮ್ಮೆ ಹೋಗ್ಬನ್ನಿ.

ಇನ್ನು ಬೆಳಗಾವಿ ವಿಷಯ, ಇದನ್ನ ದಯವಿಟ್ಟು ಸೀರಿಯಸ್ಸಾಗಿ ತಗೊಳ್ಳಿ. ಡೈವ್ ಆದ್ಮೇಲೆ ಮೈಯಲ್ಲಿ ನೈಟ್ರೋಜನ್ ಉಳಿದಿರುತ್ತೆ, ಎತ್ತರಕ್ಕೆ ಹೋದ್ರೆ ಗಾಳಿ ಒತ್ತಡ ಕಮ್ಮಿ ಆಗಿ ಅದು ಗುಳ್ಳೆ ಕಟ್ಟಬಹುದು. ವಿಮಾನಕ್ಕೆ ಒಂದೇ ಡೈವ್ ಆದ್ರೆ 12 ಗಂಟೆ, ಜಾಸ್ತಿ ಆದ್ರೆ 18 ಗಂಟೆ ಕಾಯ್ಬೇಕು ಅನ್ನುತ್ತೆ ಡೈವರ್‌ಗಳ ಸುರಕ್ಷತೆ ನೋಡ್ಕೊಳ್ಳೋ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಸುಮಾರು 600 ಮೀಟರ್ ದಾಟಿದ್ರೆ ಕಾರಿಗೂ ಅದೇ ಲೆಕ್ಕ ಹಿಡೀರಿ. ಬೆಳಗಾವಿ ಇರೋದು ಸುಮಾರು 750 ಮೀಟರ್ ಎತ್ತರದಲ್ಲಿ. ಶನಿವಾರ ಬೆಳಿಗ್ಗೆ ಡೈವ್ ಮುಗಿಸಿ, ರಾತ್ರಿ ವಾಸ್ಕೋದಲ್ಲೇ ಮಲಗಿ, ಭಾನುವಾರ ಊಟ ಮುಗಿಸಿ ಚೋರ್ಲಾ ಘಾಟ್ ಹತ್ತಿ.